ದವಡೆಹಲ್ಲಿನ ಸೀಸೆ

ಮಂಡಿ ಮೊಹಲ್ಲದ ಕಡೆಯಿಂದ ನಡೆದೇ ಬಂದರು
ಖುದ್‌ಸಿಯಾ ಬೇಗಂ. ಬಿಸಿಲಿನ ಕೊಡೆ ಮಡಚಿ ಮೂಲೆಗಿಟ್ಟು
ಸೆರಗಿನ ಗಂಟಿನಿಂದ ತೆಗೆದರು ಒಂದು ಹಲ್ಲು.

ಹಲ್ಲೇ ಅಂದುಕೊಂಡೆ ಮೊದಲು.
ಹೆಬ್ಬೆಟ್ಟಿನುದ್ದ, ಕೆಳಗೆ ನಾಲ್ಕು ಬೇರು,
ಮೇಲೊಂದು ಕುತ್ತಿಗೆ, ಒಳಗೆ ಕಪ್ಪಗೆ
ಯಾವ ಕಾಲದ್ದೋ ಸುರ್ಮಾ ಕಚ್ಚಿಕೊಂಡಿತ್ತು.
'ಹಲ್ಲಿನ ಡಾಕ್ಟರು ಪಕ್ಕದ ಮೆಟ್ಟಿಲು' ಅಂದೆ.
ನಗಲಿಲ್ಲ ಅವರು. ಮೇಜಿನ ಮೇಲಿಟ್ಟರು.
ಅದು ಓಲಾಡಿ ಮಗ್ಗುಲಾಯಿತು.

'ಒಂದು ಕಾಲು ಗಿಡ್ಡ ನೋಡಿ,
ನಮ್ಮತ್ತೆಯ ಅತ್ತೆ ಕಾಲಕ್ಕೇ ಮುರಿದದ್ದಂತೆ.
ಮಿಕ್ಕ ಮೂರನ್ನೂ ಸವೆಸಿ ಸಮ ಮಾಡಿಕೊಡಿ.
ಶೋಕೇಸಿನಲ್ಲಿ ನಿಲ್ಲಬೇಕು, ಅಷ್ಟೇ.'
ಎಲ್ಲಿಂದ ಬಂತು ಎಂದರೆ ಬಸ್ರಾ ಅಂದರು,
ಇನ್ನೊಂದು ಗಳಿಗೆಗೆ ಗಂಜಾಂ ಅಂದರು.
ಯಾರೋ ಓದಿದವರು ನೋಡಿ
ಸಾವಿರ ವರ್ಷ, ನಿಶಾಪುರದ ಕಡೆಯದು ಅಂದರಂತೆ.
'ಇರಬಹುದು. ನಮ್ಮಲ್ಲಿ ಯಾರೂ ಎಣಿಸಿಲ್ಲ.'

ನನ್ನದು ಚಾಳೀಸಿನ ಅಂಗಡಿ.
ಲೆಕ್ಕಕ್ಕೆ ಅವರ ಮಾತು, ಕಣ್ಣಿಗೆ ಎಲ್ಲರ ರೂಢಿ:
ಸೂಜಿಗೆ ದಾರ ಪೋಣಿಸಲಾರದ ಎಲ್ಲ ಜಾತಿಯವರೂ
ಇದೇ ಸ್ಟೂಲಿನ ಮೇಲೆ ಕೂತು
ಗೋಡೆಯ ಅಕ್ಷರ ಓದಿ ತಡವರಿಸಿದ್ದಾರೆ.
ಈಗ ಗಾಜು ಕೊಯ್ಯುವುದು ಮಿಷನ್ನು, ತಾನೇ ಅಳೆದುಕೊಂಡು.
ಅಪ್ಪನ ಸಾಣೆ ಗೋಣಿತಾಟು ಹೊದ್ದು ಮೂಲೆಯಲ್ಲಿ,
ಅಮಾವಾಸ್ಯೆಗೊಮ್ಮೆ ಊದುಬತ್ತಿ ಕಂಡರೆ ಕಂಡೀತು.

ತಾಟು ಎಳೆದೆ. ಕೀಲಿಗೆ ಎಣ್ಣೆ ಬಿಟ್ಟೆ.
ಡಬ್ಬಿಯ ತೂತಿನಿಂದ ನೀರು ತೊಟ್ಟಿಕ್ಕತೊಡಗಿತು,
ಸಾಣೆ ಗುಂಯ್ ಎಂದಿತು.
ಕೈಗಿಂತ ಮೊದಲು ಕಣ್ಣು ಮುಟ್ಟಲಿ ಅಂತ
ಭೂತಗನ್ನಡಿ ಹಿಡಿದೆ.

ಅಬ್ಬ, ಇದು ಅಚ್ಚಿನಲ್ಲಿ ಹೊಯ್ದದ್ದಲ್ಲ.
ಗಾಜಿನ ಗಟ್ಟಿಯಿಂದ ಬೇಡದ್ದನ್ನೆಲ್ಲ
ತೇಯ್ದು ತೇಯ್ದು ಕಳೆದದ್ದು.
ಮೈಮೈಗೂ ಬಾಣದ ಮೊನೆಯಂಥ ಗೆರೆ, ಅದರ ಕೆಳಗೆ ಓರೆ,
ಓರೆಯ ತಳದಲ್ಲಿ ಸಾಣೆಯ ಕೂದಲುಗೀರು ಸಾಲುಸಾಲು.
ಅಪ್ಪನ ಚಕ್ರವೂ ಇಂಥದೇ ಬಿಡುತ್ತಿತ್ತು,
ನಿದ್ದೆಯಲ್ಲಿ ತೋರಿಸಿದರೂ ಗುರುತು ಹಿಡಿದೇನು.

ಮೂರು ಮೈ ಸರಿ. ನಾಲ್ಕನೆಯದರಲ್ಲಿ
ಗೆರೆ ನಿಲ್ಲಬೇಕಾದಲ್ಲಿ ನಿಂತಿಲ್ಲ.
ಅಂಚು ದಾಟಿ, ಎಳ್ಳಿನಷ್ಟು, ಜಾರಿಬಿಟ್ಟಿದೆ.

ಈ ಜಾರು ನನಗೆ ಗೊತ್ತು.
ಕೈ ನಡುಗಿದ್ದರೆ ಗೆರೆ ಹುಳು ಹರಿದ ಹಾಗಿರುತ್ತದೆ.
ಇದು, ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗಿದಾಗ
ತಿರುಗಬಾರದು ತಿರುಗಬಾರದು ಅಂದುಕೊಂಡೇ
ತಿರುಗಿದ ಕತ್ತಿನ ಗೆರೆ.
ಮಗುವೋ, ಸಾಲ ಕೊಟ್ಟವನೋ, ಉಣ್ಣಲು ಕರೆದವಳೋ.
ಅವನ ಹೆಸರೇನೋ, ಗಾಜು ಹೇಳುವುದಿಲ್ಲ.
ಕೂಗಿದರು ಅನ್ನುವುದನ್ನಷ್ಟೇ ಇಟ್ಟುಕೊಂಡಿದೆ.

ಸಾಣೆ ತಿರುಗುತ್ತಲೇ ಇತ್ತು.
'ಏನಾಯ್ತು?' ಅಂದರು ಖುದ್‌ಸಿಯಾ ಬೇಗಂ.
'ಇದನ್ನ ನಾನು ತೇಯೋದಿಲ್ಲ.'
'ಕೈಲಾಗೋದಿಲ್ಲ ಅನ್ನಿ.'
'ಹಾಗೇ ಅಂದುಕೊಳ್ಳಿ.'

ಮೇಜಿನ ಕೆಳಗೊಂದು ಬಿಸ್ಕತ್ತಿನ ಡಬ್ಬಿ:
ನಾನು ಕೆಡಿಸಿದ ಗಾಜು, ಬಿಸಾಡಲಾರದೆ ಉಳಿದವು.
ಬನ್ನೂರಿನ ಮೇಷ್ಟರದು, ಅಂಚು ಸಿಡಿದದ್ದು.
ಅಪ್ಪ ಬಚ್ಚಲಲ್ಲಿ ಬಿದ್ದು ಕೂಗಿದ ಬೆಳಿಗ್ಗೆ
ಅಡ್ಡಕ್ಕೆ ಗೀರಿಹೋದದ್ದೊಂದು, ಪ್ಲಸ್ ಎರಡೂವರೆ.
ಅದನ್ನೇ ಆರಿಸಿ, ಉಗುರಿನಷ್ಟು ಕೊಯ್ದು,
ನುಣ್ಣಗೆ ತೇಯ್ದು
ಗಿಡ್ಡ ಕಾಲಿನ ಕೆಳಗಿಟ್ಟೆ.

ನಿಂತಿತು.

ಮೂಗಿನ ಮೇಲಿನ ಚಾಳೀಸು ಸರಿಸಿ ಬಗ್ಗಿ ನೋಡಿದರು.
ಮೂರೂವರೆಯ ಬಿಸಿಲು ಬಾಗಿಲಿಂದ ಒಳಬಂದು
ಸೀಸೆಯ ಓರೆಗಳಲ್ಲಿ ಒಡೆದು
ಗೋಡೆಯ ಅಕ್ಷರದ ಹಲಗೆಯ ಮೇಲೆ ಬಿತ್ತು,
ಯಾರೂ ಓದಲಾರದ ಕೊನೆಯ ಸಣ್ಣ ಸಾಲಿನ ಮೇಲೆ.
ಅಲ್ಲೂ ಆ ಎಳ್ಳಿನಷ್ಟು ಜಾರು, ಬಣ್ಣ ಹಚ್ಚಿಕೊಂಡು.

'ಕೆಲಸವೇ ಮಾಡಲಿಲ್ಲ, ದುಡ್ಡು ಯಾಕೆ?'
'ಇಪ್ಪತ್ತು ಕೊಡಿ' ಅಂದೆ, 'ಗಾಜಿನ ಚೂರಿಗೆ.'
ಹತ್ತು ಕೊಟ್ಟರು.
ಸೀಸೆಗೆ ಒಂದು ಗಂಟು, ಚೂರಿಗೆ ಇನ್ನೊಂದು
ಹಾಕಿಕೊಂಡು ಇಳಿದರು ಅಶೋಕ ರಸ್ತೆಗೆ.

ಕೊಡೆ ಮರೆತಿದ್ದರು.
ಮೆಟ್ಟಿಲಿಗೆ ಓಡಿ ಹೆಸರು ಹಿಡಿದು ಕೂಗಿದೆ.
ಬೀದಿಯಲ್ಲಿ ಯಾರು ಯಾರೋ ತಿರುಗಿ ನೋಡಿದರು.